ಅಡುಗೆಗೆ ಸಿದ್ಧ ಆಹಾರ: ಸಂಸ್ಕರಣೆ ಮತ್ತು ಪೊಟ್ಟಣದ ತಂತ್ರ



ಸಂಜೆಯ ವೇಳೆ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಹೊರಟು ಠಾಣೆ, ಡೊಂಬಿವಲಿಗಳ ಮೂಲಕ ಕಲ್ಯಾಣಕ್ಕೆ ಸಾಗುವ ಲೋಕಲ್ ರೈಲಿನ ಮಹಿಳಾ ಡಬ್ಬಿಯಲ್ಲಿ ಬಹುಕಾಲದಿಂದ ಪರಿಚಿತವಾದ ಒಂದು ನೋಟವಿದೆ. ಕುಳಿತುಕೊಳ್ಳಲು ಜಾಗ ಸಿಕ್ಕವರು ಮಡಿಲಲ್ಲಿ ಹಳೆಯ ವೃತ್ತಪತ್ರಿಕೆ ಹರಡಿಕೊಂಡು ಬಟಾಣಿ ಸುಲಿಯುತ್ತಾರೆ, ಮೆಂತ್ಯದ ಸೊಪ್ಪು ಬಿಡಿಸುತ್ತಾರೆ, ಹುರುಳಿಕಾಯಿಯ ನಾರು ತೆಗೆಯುತ್ತಾರೆ. ಕಲ್ಯಾಣ ಸುಮಾರು 54 ಕಿಲೋಮೀಟರ್ ದೂರ. ಕಚೇರಿಯ ದುಡಿಮೆ ಮುಗಿದು ಮನೆಯ ದುಡಿಮೆ ಆರಂಭವಾಗುವುದಕ್ಕೆ ಮುನ್ನ ದೊರೆಯುವ ಆ ಒಂದು ಗಂಟೆಗೂ ಮಿಕ್ಕ ಅವಧಿಯನ್ನು ಅವರು ಅಡುಗೆಯ ಪೂರ್ವಸಿದ್ಧತೆಗೆ ವಿನಿಯೋಗಿಸುತ್ತಾರೆ. ಆಹಾರ ತಂತ್ರಜ್ಞರು "ಅಡುಗೆಗೆ ಸಿದ್ಧ ಆಹಾರ" ಎಂದು ಕರೆಯುವ ಪದಾರ್ಥದ ಅಗತ್ಯವನ್ನು ಈ ನೋಟಕ್ಕಿಂತ ಚೆನ್ನಾಗಿ ತಿಳಿಸುವ ಅಂಕಿ-ಅಂಶ ಬೇರೊಂದಿಲ್ಲ.

ಈ ವರ್ಗದ ಆಹಾರವನ್ನು ಮೊದಲು ಸ್ಪಷ್ಟವಾಗಿ ಗುರುತಿಸಿಕೊಳ್ಳುವುದು ಉಚಿತ. ಪೊಟ್ಟಣವನ್ನು ಬಿಸಿನೀರಿನಲ್ಲಿಟ್ಟು ತೆಗೆದು ನೇರವಾಗಿ ಉಣ್ಣಬಹುದಾದ ಪಲಾವ್, ಪಲ್ಯ ಮೊದಲಾದವು ತಿನ್ನಲು ಸಿದ್ಧವಾದ ಆಹಾರಗಳು. ಇಡ್ಲಿಯ ಹಿಟ್ಟು, ರವೆ ಇಡ್ಲಿಯ ಮಿಶ್ರಣ, ಹಪ್ಪಳ, ಶಾವಿಗೆ, ಹೆಚ್ಚಿದ ತರಕಾರಿ, ಅರೆಬೆಂದ ಚಪಾತಿ ಇವು ಅಡುಗೆಗೆ ಸಿದ್ಧವಾದವು. ಇವುಗಳಲ್ಲಿ ಬಿಡಿಸುವ, ನೆನೆಸುವ, ರುಬ್ಬುವ, ಹುರಿಯುವ ಕೆಲಸ ಮುಗಿದಿರುತ್ತದೆ. ಒಲೆಯ ಮುಂದಿನ ಕೆಲಸ ಮಾತ್ರ ಮನೆಯವರಿಗೆ ಉಳಿದಿರುತ್ತದೆ. ವ್ಯತ್ಯಾಸ ಚಿಕ್ಕದೆಂದು ತೋರಿದರೂ ಅದರ ಪರಿಣಾಮ ದೊಡ್ಡದು. ತಿನ್ನಲು ಸಿದ್ಧವಾದ ಆಹಾರವನ್ನು ಕಾರ್ಖಾನೆಯಲ್ಲಿಯೇ ಸುಮಾರು 121 ಡಿಗ್ರಿ ಸೆಲ್ಷಿಯಸ್ ಶಾಖದಲ್ಲಿ, ಒತ್ತಡದ ಪಾತ್ರೆಯಲ್ಲಿ ಬೇಯಿಸಿ ಕ್ರಿಮಿರಹಿತಗೊಳಿಸಲಾಗಿರುತ್ತದೆ. ಅಡುಗೆಗೆ ಸಿದ್ಧವಾದ ಆಹಾರ ಹಾಗಲ್ಲ. ಅದರಲ್ಲಿ ಸೂಕ್ಷ್ಮಜೀವಿಗಳು ಇದ್ದೇ ಇರುತ್ತವೆ. ಇಡ್ಲಿಯ ಹಿಟ್ಟಿನಂತಹವುಗಳಲ್ಲಿ ಇರಲೇಬೇಕು. ಅವು ಮಿತಿಮೀರಿ ಬೆಳೆಯದಂತೆ ತಡೆದಿಡಲಾಗಿರುತ್ತದೆ, ಅಷ್ಟೆ. ಆ ತಡೆ ಶುಷ್ಕತೆಯದೋ ಶೀತದ್ದೋ ಎಂಬುದನ್ನು ಅರಿತರೆ ಪೊಟ್ಟಣವನ್ನು ಎಲ್ಲಿಡಬೇಕು, ಎಷ್ಟು ದಿನ ನಂಬಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ. ಈ ಉಪನ್ಯಾಸದ ಬಹುಭಾಗ ಆ ಒಂದು ಪ್ರಶ್ನೆಗೇ ಮೀಸಲು.

ಶುಷ್ಕತೆಯ ವಿದ್ಯೆ ನಮಗೆ ಹೊಸದಲ್ಲ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಮಹಾರಾಷ್ಟ್ರದ ಮನೆಗಳಲ್ಲಿ ನಡೆಯುವ "ವಾಳವಣ"ಕ್ಕೂ ಕರ್ನಾಟಕದ ಮನೆಗಳ ಹಪ್ಪಳ-ಸಂಡಿಗೆಯ ಸಂಭ್ರಮಕ್ಕೂ ಹೆಸರಿನ ಹೊರತು ಹೆಚ್ಚಿನ ಭೇದವಿಲ್ಲ. ಎರಡೂ ಕಡೆ ಉದ್ದೇಶ ಒಂದೇ: ಮಳೆಗಾಲ ಬರುವುದರೊಳಗೆ ಬಿಸಿಲಿನಿಂದ ಪದಾರ್ಥದ ನೀರನ್ನು ತೆಗೆದು ಡಬ್ಬಕ್ಕೆ ತುಂಬುವುದು. ಡೊಂಬಿವಲಿಯ ಹಳೆಯ ಚಾಳುಗಳಲ್ಲಿ ಅಂಗಳವಿತ್ತು, ಮಾಳಿಗೆಯಿತ್ತು, ಕಾಗೆ ಓಡಿಸಲು ಮಕ್ಕಳಿದ್ದರು. ಹಲವು ಮಹಡಿಗಳ ಇಂದಿನ ಕಟ್ಟಡಗಳಲ್ಲಿ ಮಾಳಿಗೆಯ ಬಾಗಿಲಿಗೆ ಸೊಸೈಟಿಯ ಬೀಗವಿರುತ್ತದೆ. ಅಲ್ಲಿ ನಡೆಯುತ್ತಿದ್ದ ಕೆಲಸ ಕಾರ್ಖಾನೆಗೆ, ಇಲ್ಲವೆ ಮಹಿಳಾ ಮಂಡಳಗಳ ಕೋಣೆಗಳಿಗೆ ಸ್ಥಳಾಂತರಗೊಂಡಿದೆ.

ಆಹಾರ ಕೆಡುವುದಕ್ಕೆ ಅದರಲ್ಲಿ ಎಷ್ಟು ನೀರಿದೆ ಎಂಬುದಕ್ಕಿಂತ ಎಷ್ಟು ನೀರು ಸೂಕ್ಷ್ಮಜೀವಿಗಳಿಗೆ ದೊರೆಯುವಂತಿದೆ ಎಂಬುದು ಮುಖ್ಯ. ಉಪ್ಪು, ಸಕ್ಕರೆ, ಪಿಷ್ಟಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾಗೆ ಹಿಡಿದಿಟ್ಟ ನೀರು ಬೂಷ್ಟಿಗೆ ದಕ್ಕದು. ಜೇನುತುಪ್ಪದಲ್ಲಿ ಆರನೆಯ ಒಂದು ಭಾಗಕ್ಕೂ ಹೆಚ್ಚು ನೀರಿದ್ದರೂ ಅದು ಕೆಡದಿರುವ ಗುಟ್ಟು ಇದೇ. ದಕ್ಕುವ ನೀರನ್ನು ಅಳೆಯಲು ತಂತ್ರಜ್ಞರು ಒಂದು ಮಾನವನ್ನು ಇಟ್ಟುಕೊಂಡಿದ್ದಾರೆ. ಶುದ್ಧ ನೀರಿನಲ್ಲಿ ಅದು 1. ಬಹುಪಾಲು ಬ್ಯಾಕ್ಟೀರಿಯಾಗಳು 0.9ಕ್ಕಿಂತ ಕೆಳಗೆ ಬೆಳೆಯಲಾರವು. ಬೂಷ್ಟಿಗೆ ಸಾಮಾನ್ಯವಾಗಿ 0.7ರಿಂದ 0.8 ಸಾಕು; 0.6ಕ್ಕಿಂತ ಕಡಿಮೆಯಾದರೆ ಯಾವ ಸೂಕ್ಷ್ಮಜೀವಿಯೂ ಬೆಳೆಯದು. ಒಣ ಪೊಟ್ಟಣದ ಇಡೀ ಶಾಸ್ತ್ರ ಆ 0.6ರ ಗೆರೆಯನ್ನು ದಾಟದಂತೆ ನೋಡಿಕೊಳ್ಳುವುದರಲ್ಲಿ ಅಡಗಿದೆ.

ಹಪ್ಪಳದ ಉದಾಹರಣೆ ಇಲ್ಲಿ ಬೋಧಪ್ರದವಾಗಿದೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ಪಡೆದು ಆರಂಭಿಸಿದ ಹಪ್ಪಳದ ಉದ್ಯಮ ಮುಂದೆ ಶ್ರೀ ಮಹಿಳಾ ಗೃಹ ಉದ್ಯೋಗ ಲಿಜ್ಜತ್ ಪಾಪಡ್ ಎಂಬ ಹೆಸರಿನಿಂದ ದೇಶದ ಮನೆಮಾತಾದ ಸಂಗತಿ ಸರ್ವವಿದಿತ. ಅದರ ಹಿಟ್ಟಿನ ಗಿರಣಿ 1975ರಲ್ಲಿ, ಮಸಾಲೆಯ ವಿಭಾಗ ಅದರ ಮರುವರ್ಷ ನವೀ ಮುಂಬಯಿಯ ವಾಶಿಯಲ್ಲಿ ಆರಂಭವಾದುವು. ಅದರ ಕಾರ್ಯವಿಧಾನದಲ್ಲಿ ಒಂದು ವಿವೇಕವಿದೆ. ಹಿಟ್ಟು ಬೀಸುವುದು, ಮಸಾಲೆ ಬೆರೆಸುವುದು, ಕಲಸುವುದು ಕೇಂದ್ರದಲ್ಲಿ. ಲಟ್ಟಿಸಿ ಒಣಗಿಸುವುದು ಸದಸ್ಯೆಯರ ಮನೆಗಳಲ್ಲಿ. ತೂಗಿ, ಪರೀಕ್ಷಿಸಿ ಪೊಟ್ಟಣ ಕಟ್ಟುವುದು ಪುನಃ ಕೇಂದ್ರದಲ್ಲಿ. ರುಚಿ ಮತ್ತು ತೇವ, ಈ ಎರಡೂ ಹೀಗೆ ಕೇಂದ್ರದ ಹತೋಟಿಯಲ್ಲಿ ಉಳಿದುವು.

ಹಪ್ಪಳ ಪೂರ್ಣ ಒಣಗಿದ ಪದಾರ್ಥವೆಂದು ಅನೇಕರು ಭಾವಿಸಿದ್ದಾರೆ. ವಾಸ್ತವದಲ್ಲಿ ಉದ್ದಿನ ಹಪ್ಪಳದಲ್ಲಿ ಶೇಕಡಾ 14-15ರಷ್ಟು ತೇವವಿರುತ್ತದೆ. ಅದಕ್ಕಿಂತ ಒಣಗಿದರೆ ಅದು ರೈಲಿನ ಚೀಲದಲ್ಲಿಯೇ ಚೂರಾಗುತ್ತದೆ. ಅದಕ್ಕಿಂತ ನೆನೆದರೆ ನಾಲ್ಕಾರು ದಿನಗಳಲ್ಲಿ ಹಸಿರು ಬೂಷ್ಟು ಹಿಡಿಯುತ್ತದೆ. ಉಪ್ಪು ಮತ್ತು ಹಪ್ಪಳಖಾರ ಕೂಡಿ ಅಪಾಯದ ಗೆರೆಯನ್ನು ತುಸು ಮೇಲಕ್ಕೆತ್ತುತ್ತವೆ, ನಿಜ. ಆದರೂ ಹಪ್ಪಳದ ಪೊಟ್ಟಣಕ್ಕೆ ಎರಡು ಕರ್ತವ್ಯಗಳು: ಹೊರಗಿನ ಆರ್ದ್ರತೆಯನ್ನು ಒಳಗೆ ಬಿಡಬಾರದು, ಒಳಗಿನ ತೇವವನ್ನು ಹೊರಗೂ ಬಿಡಬಾರದು. ಹಪ್ಪಳ ಕಟ್ಟಲು ಪಾಲಿಪ್ರೊಪಿಲೀನ್ ಹಾಳೆ ಬಳಕೆಗೆ ಬಂದುದು ಕೇವಲ ಹೊಳಪಿಗಾಗಿ ಅಲ್ಲ.

ದಿಢೀರ್ ಮಿಶ್ರಣಗಳ ಚರಿತ್ರೆ ಕರ್ನಾಟಕಕ್ಕೆ ಸೇರಿದ್ದು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಉಪಾಹಾರ ಗೃಹವೇ ಮುಂದೆ ಮಾವಳ್ಳಿ ಟಿಫನ್ ರೂಮ್ಸ್, ಅಂದರೆ ಎಂ.ಟಿ.ಆರ್., ಎಂದು ಖ್ಯಾತವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಒದಗಿದಾಗ ಗೋಧಿ ರವೆಯಿಂದ ಇಡ್ಲಿ ಮಾಡಿದ್ದು ತಾನೇ ಎಂದು ಆ ಸಂಸ್ಥೆ ಹೇಳಿಕೊಳ್ಳುತ್ತದೆ. ತುರ್ತು ಪರಿಸ್ಥಿತಿಯ ದಿನಗಳಲ್ಲಿ ಹೋಟೆಲು ತಿಂಡಿಯ ಬೆಲೆಗಳನ್ನು ಸರಕಾರವೇ ಇಳಿಸಿ ಗೊತ್ತುಪಡಿಸಿದಾಗ, ಆ ಬೆಲೆಗೆ ಹೋಟೆಲು ನಡೆಸುವುದು ದುಸ್ತರವಾಗಿ, ಅದೇ ರವೆ ಇಡ್ಲಿಯ ಸಾಮಗ್ರಿಯನ್ನು ಪೊಟ್ಟಣ ಕಟ್ಟಿ ಮಾರುವ ಮಾರ್ಗವನ್ನು ಅದು ಹಿಡಿಯಿತು. ಒಂದು ಅಭಾವದಲ್ಲಿ ಹುಟ್ಟಿದ ತಿಂಡಿ ಇನ್ನೊಂದು ಇಕ್ಕಟ್ಟಿನಲ್ಲಿ ಪೊಟ್ಟಣವಾಯಿತೆಂಬುದು ಕುತೂಹಲಕರ. ಪುಣೆಯ ಗಿಟ್ಸ್ ಸಂಸ್ಥೆ 1960ರ ದಶಕದಲ್ಲಿಯೇ ಈ ಕ್ಷೇತ್ರವನ್ನು ಪ್ರವೇಶಿಸಿತ್ತು. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಇಡ್ಲಿ, ದೋಸೆ ಮೊದಲಾದ ದೇಶೀಯ ತಿಂಡಿಗಳ ಒಣ ಮಿಶ್ರಣಗಳನ್ನು ರೂಪಿಸಿ, ಅವುಗಳ ವಿಧಾನವನ್ನು ಉದ್ಯಮಿಗಳಿಗೆ ಒದಗಿಸುತ್ತ ಬಂದಿದೆ.

ಇಂತಹ ಮಿಶ್ರಣದ ತಯಾರಿಕೆಯಲ್ಲಿ ಮೊದಲ ಹಂತ ರವೆಯನ್ನು ಹುರಿಯುವುದು. ರವೆಯಲ್ಲಿ ಸಾಮಾನ್ಯವಾಗಿ ಶೇಕಡಾ 12-13ರಷ್ಟು ತೇವವಿರುತ್ತದೆ. ಹುರಿದಾಗ ಅದು ಗಣನೀಯವಾಗಿ ಇಳಿಯುವುದಲ್ಲದೆ, ಕಣ್ಣಿಗೆ ಕಾಣದಂತೆ ಅಡಗಿರುವ ಹುಳುಗಳ ಮೊಟ್ಟೆಗಳೂ ನಾಶವಾಗುತ್ತವೆ. ಪೊಟ್ಟಣದಲ್ಲಿ ಹುಳು ಕಂಡರೆ ಹೊರಗಿನಿಂದ ಬಂತೆಂದು ಅಂಗಡಿಯವನನ್ನು ದೂಷಿಸುವುದು ವಾಡಿಕೆ; ಬಹಳ ಸಲ ಅದು ಸರಿಯಾಗಿ ಹುರಿಯದ ರವೆಯೊಳಗಿನಿಂದಲೇ ಬಂದಿರುತ್ತದೆ. ಹುರಿದ ರವೆ ಪೂರ್ತಿ ಆರಿದ ಬಳಿಕವೇ ಅಡುಗೆ ಸೋಡಾ ಬೆರೆಸಬೇಕು. ಸೋಡಾ ಆಮ್ಲದೊಡನೆ ಕೂಡಿದಾಗ ಇಂಗಾಲದ ಡೈಆಕ್ಸೈಡ್ ಅನಿಲ ಬಿಡುಗಡೆಯಾಗಿ ಇಡ್ಲಿ ಉಬ್ಬುತ್ತದೆ. ಈ ಕ್ರಿಯೆಗೆ ನೀರು ಬೇಕು. ಮಿಶ್ರಣದಲ್ಲಿ ನಿಂಬೆಯಾಮ್ಲವೂ ಇದ್ದು ಪೊಟ್ಟಣದೊಳಕ್ಕೆ ತೇವ ನುಸುಳಿದರೆ, ಕ್ರಿಯೆ ಅಂಗಡಿಯ ಕಪಾಟಿನಲ್ಲಿಯೇ ನಡೆದು ಮುಗಿಯುತ್ತದೆ. ಮನೆಯಲ್ಲಿ ಬೇಯಿಸಿದ ಇಡ್ಲಿ ಕಲ್ಲಾಗುತ್ತದೆ. ರವೆ ಇಡ್ಲಿಗೆ ಮೊಸರು ಸೇರಿಸಿರೆಂದು ಪೊಟ್ಟಣದ ಮೇಲೆ ಸೂಚಿಸುವುದರಲ್ಲಿ ರುಚಿಯ ಜೊತೆಗೆ ಈ ಯುಕ್ತಿಯೂ ಇದೆ: ಆಮ್ಲವನ್ನು ಕೊನೆಯ ಗಳಿಗೆಯವರೆಗೆ ಹೊರಗಿಟ್ಟರೆ ಸೋಡಾ ಭದ್ರವಾಗಿರುತ್ತದೆ.

ಒಗ್ಗರಣೆ ಹಾಕಿದ ಮಿಶ್ರಣಗಳಿಗೆ ಮತ್ತೊಬ್ಬ ಶತ್ರು ಆಮ್ಲಜನಕ. ಎಣ್ಣೆ, ಗೋಡಂಬಿ, ಸಾಸಿವೆಗಳ ಕೊಬ್ಬಿನಂಶ ಗಾಳಿ-ಬೆಳಕಿಗೆ ಒಡ್ಡಿಕೊಂಡಾಗ ಕಮಟು ಹಿಡಿಯುತ್ತದೆ. ಇಲ್ಲಿ ಪೊಟ್ಟಣದ ರಚನೆಯ ಪ್ರಶ್ನೆ ಬರುತ್ತದೆ. ಸಾಧಾರಣ ಪಾಲಿಥೀನ್ ನೀರಾವಿಯನ್ನು ಚೆನ್ನಾಗಿ ತಡೆಯುತ್ತದೆ, ಆಮ್ಲಜನಕವನ್ನು ತಡೆಯಲಾರದು. ಅದರೊಳಗಿಟ್ಟ ಇಂಗಿನ ವಾಸನೆ ಇಡೀ ಕಪಾಟಿಗೆ ಹರಡುವುದು ಎಲ್ಲರ ಅನುಭವ. ಪಾಲಿಯೆಸ್ಟರ್ ಆಮ್ಲಜನಕಕ್ಕೆ ತಕ್ಕಮಟ್ಟಿಗೆ ಅಡ್ಡಿಯಾಗುತ್ತದೆ, ಅಚ್ಚಿಗೂ ಅನುಕೂಲ. ಆದರೆ ಶಾಖ ಕೊಟ್ಟರೆ ಸುಲಭವಾಗಿ ಬೆಸೆದುಕೊಳ್ಳದು. ಅಲ್ಯೂಮಿನಿಯಮ್ ಹಾಳೆ ಬೆಳಕು, ಗಾಳಿ, ತೇವ ಮೂರನ್ನೂ ತಡೆಯುತ್ತದೆ; ಮಡಿಕೆ ಬಿದ್ದಲ್ಲಿ ಸೂಜಿಮೊನೆಯಷ್ಟು ತೂತಾಗುವುದು ಅದರ ದೋಷ. ಆದ್ದರಿಂದ ಒಂದೊಂದು ಗುಣದ ಪದರಗಳನ್ನು ಅಂಟಿಸಿ ಬಹುಪದರದ ಹಾಳೆ ತಯಾರಿಸುತ್ತಾರೆ: ಹೊರಗೆ ಅಚ್ಚಿಗಾಗಿ ಪಾಲಿಯೆಸ್ಟರ್, ನಡುವೆ ಲೋಹದ ಲೇಪ ಅಥವಾ ಹಾಳೆ, ಒಳಗೆ ಬೆಸುಗೆಗಾಗಿ ಪಾಲಿಥೀನ್. ಕೆಲವೊಮ್ಮೆ ಗಾಳಿಯನ್ನು ಹೊರದೂಡಿ ಸಾರಜನಕ ತುಂಬಿ ಮುಚ್ಚುವುದೂ ಉಂಟು.

ಹಾಳೆ ಎಷ್ಟೇ ಬೆಲೆಯುಳ್ಳದ್ದಾದರೂ ಬೆಸುಗೆ ಸರಿಯಿಲ್ಲದಿದ್ದರೆ ವ್ಯರ್ಥ. ಸಣ್ಣ ಘಟಕಗಳಲ್ಲಿ ಪೊಟ್ಟಣ ತುಂಬುವಾಗ ಹಿಟ್ಟಿನ ಧೂಳು ಬೆಸುಗೆಯ ಅಂಚಿನಲ್ಲಿ ಕುಳಿತುಕೊಳ್ಳುತ್ತದೆ. ಅಂಚು ಮುಚ್ಚಿದಂತೆ ಕಂಡರೂ ಧೂಳಿನ ಕಣಗಳ ನಡುವೆ ಕೂದಲೆಳೆಯಷ್ಟು ದಾರಿ ಉಳಿದಿರುತ್ತದೆ. ಪರೀಕ್ಷೆಗೆ ಯಂತ್ರವೇ ಬೇಕೆಂದಿಲ್ಲ. ಪೊಟ್ಟಣವನ್ನು ನೀರಿನಲ್ಲಿ ಮುಳುಗಿಸಿ ಮೆಲ್ಲನೆ ಒತ್ತಿ, ಗುಳ್ಳೆ ಬರುತ್ತದೆಯೇ ಎಂದು ನೋಡಿದರೆ ಸಾಕು. ದಿನದ ತಯಾರಿಕೆಯಲ್ಲಿ ಆಗಾಗ ಒಂದೊಂದನ್ನು ಹೀಗೆ ಪರೀಕ್ಷಿಸುವ ಅಭ್ಯಾಸ ಸಣ್ಣ ಉದ್ಯಮಿಗಳಿಗೆ ದೊಡ್ಡ ನಷ್ಟವನ್ನು ತಪ್ಪಿಸುತ್ತದೆ.

ಹವಾಮಾನದ ಮಾತನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಪೊಟ್ಟಣದ ಹಾಳೆ ಎಷ್ಟು ನೀರಾವಿಯನ್ನು ಒಳಗೆ ಬಿಡುತ್ತದೆಂದು ಪ್ರಯೋಗಾಲಯಗಳಲ್ಲಿ ಅಳೆಯುವಾಗ ಕಠಿಣ ಪರೀಕ್ಷೆಗೆಂದು 38 ಡಿಗ್ರಿ ಸೆಲ್ಷಿಯಸ್ ಶಾಖ ಮತ್ತು ಶೇಕಡಾ 90ರ ಆರ್ದ್ರತೆಯನ್ನು ಏರ್ಪಡಿಸುತ್ತಾರೆ. ಸಾಧಾರಣ ಸ್ಥಿತಿಗೆಂದು 27 ಡಿಗ್ರಿ, ಶೇಕಡಾ 65 ಎಂದಿಟ್ಟುಕೊಳ್ಳುತ್ತಾರೆ. ಜುಲೈ ತಿಂಗಳಲ್ಲಿ ಉಲ್ಹಾಸ ನದಿಯ ಬದಿಯ ಕಲ್ಯಾಣದಲ್ಲೋ, ಖಾಡಿಯ ಅಂಚಿನ ಠಾಣೆ, ವಾಶಿಗಳಲ್ಲೋ ವಾಸಿಸುವವರಿಗೆ ಪ್ರಯೋಗಾಲಯದ ಆ ಕಠಿಣ ಆರ್ದ್ರತೆ ದಿನನಿತ್ಯದ ಸಂಗತಿ. ಒಣಹವೆಯ ಊರಿನಲ್ಲಿ ಆರು ತಿಂಗಳು ಬಾಳುವ ತೆಳು ಪೊಟ್ಟಣ ಇಲ್ಲಿ ಅಷ್ಟು ಬಾಳಲಾರದು. ಬಯಲುಸೀಮೆಯ ತವರಿನಿಂದ ಕಳಿಸಿದ ಸಂಡಿಗೆ ಆಷಾಢದಲ್ಲಿ ಡೊಂಬಿವಲಿಗೆ ಬಂದು ಮೆತ್ತಗಾಗುವುದಕ್ಕೆ ಕಳಿಸಿದವರ ಕೈಗುಣ ಕಾರಣವಲ್ಲ.

ಮಿಶ್ರಣಗಳಿಗೆ ಸೇರುವ ಮಸಾಲೆಯ ವಿಷಯದಲ್ಲಿ ನವೀ ಮುಂಬಯಿಗೆ ವಿಶೇಷ ಸ್ಥಾನವಿದೆ. 1990ರ ದಶಕದಲ್ಲಿ ಮುಂಬಯಿಯ ಮಸೀದಿ ಬಂದರು ಪ್ರದೇಶದ ಧಾನ್ಯ, ಮಸಾಲೆಗಳ ಸಗಟು ವ್ಯಾಪಾರ ವಾಶಿಯ ಕೃಷಿ ಉತ್ಪನ್ನ ಮಾರುಕಟ್ಟೆಗೆ ಸ್ಥಳಾಂತರವಾಯಿತು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯೂ ಇಲ್ಲಿಗೆ ಬರುತ್ತದೆ. ನೆಲದ ಮೇಲೆ ಹರಡಿ ಒಣಗಿಸುವ ಮೆಣಸಿನಕಾಯಿ, ಕಾಳುಮೆಣಸು, ಕೊತ್ತಂಬರಿಗಳಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಬೀಜಾಣುಗಳು ಹೇರಳ. ಒಣ ಮಸಾಲೆಯಲ್ಲಿ ಅವು ನಿದ್ರಿಸುತ್ತವೆ. ನೀರು ಬಿದ್ದ ಹಿಟ್ಟಿನಲ್ಲಿ ಎಚ್ಚರಗೊಳ್ಳುತ್ತವೆ. ಹಬೆಯಿಂದ ಕೊಲ್ಲಹೊರಟರೆ ಪರಿಮಳದ ತೈಲವೂ ಹಾರಿಹೋಗುತ್ತದೆ. ಇದಕ್ಕೆ ಪರಿಹಾರವಾಗಿ ಪರಮಾಣು ಇಂಧನ ಇಲಾಖೆಗೆ ಸೇರಿದ ವಿಕಿರಣ ಮತ್ತು ಸಮಸ್ಥಾನಿ ತಂತ್ರಜ್ಞಾನ ಮಂಡಲಿಯು 2000ದಲ್ಲಿ ವಾಶಿಯಲ್ಲಿ ವಿಕಿರಣ ಸಂಸ್ಕರಣ ಘಟಕವನ್ನು ಸ್ಥಾಪಿಸಿತು. ಮುಚ್ಚಿದ ಪೆಟ್ಟಿಗೆಗಳಲ್ಲಿರುವ ಮಸಾಲೆಯನ್ನು ಕೋಬಾಲ್ಟ್-60ರ ಗಾಮಾ ಕಿರಣಗಳ ಎದುರು ಹಾಯಿಸಲಾಗುತ್ತದೆ. ಕಿರಣಗಳು ಪೊಟ್ಟಣವನ್ನು ಭೇದಿಸಿ ಜೀವಾಣುಗಳನ್ನು ನಾಶಪಡಿಸುತ್ತವೆ. ಮಸಾಲೆ ಹೇಳಿಕೊಳ್ಳುವಷ್ಟು ಬಿಸಿಯಾಗುವುದಿಲ್ಲ. ಹೀಗೆ ಸಂಸ್ಕರಿಸಿದ ಆಹಾರವೇ ವಿಕಿರಣಶೀಲವಾಗುತ್ತದೆಂಬ ಭಯ ಜನರಲ್ಲಿದೆ. ಕೋಬಾಲ್ಟ್-60ರ ಕಿರಣಗಳಿಗೆ ಆಹಾರವನ್ನು ವಿಕಿರಣಶೀಲವಾಗಿ ಮಾರ್ಪಡಿಸುವಷ್ಟು ಶಕ್ತಿಯಿಲ್ಲ. ಎಕ್ಸ್-ರೇ ತೆಗೆಸಿಕೊಂಡ ಕೈ ಹೇಗೆ ಕಿರಣ ಸೂಸುವುದಿಲ್ಲವೋ ಹಾಗೆಯೇ ಇದೂ. ಆದರೂ ಕೊಳ್ಳುವವರ ತಿಳಿವಳಿಕೆಗಾಗಿ ಇಂತಹ ಪೊಟ್ಟಣದ ಮೇಲೆ ನಿಗದಿತ ಚಿಹ್ನೆ ಕಡ್ಡಾಯ.

ಇನ್ನು ಶೀತವನ್ನು ನಂಬಿದ ಪದಾರ್ಥಗಳು. ಇವುಗಳ ಪೈಕಿ ಈ ನಾಲ್ಕು ನಗರಗಳಲ್ಲಿ ಹೆಚ್ಚು ಮನೆಗಳನ್ನು ತಲುಪಿರುವುದೂ, ಹೆಚ್ಚು ತೊಂದರೆ ಕೊಡುವುದೂ ರುಬ್ಬಿದ ಇಡ್ಲಿ-ದೋಸೆಯ ಹಿಟ್ಟು. ಉಡುಪಿ ಹೋಟೆಲುಗಳು ಮುಂಬಯಿ ಪ್ರಾಂತಕ್ಕೆ ಕಲಿಸಿದ ಈ ತಿಂಡಿ ಭಾಷೆಯ ಗಡಿಯನ್ನು ಎಂದೋ ದಾಟಿದೆ. ಹಳೆಯ ಮೈಸೂರಿನವರು ಸಂಪಣ ಎನ್ನುವ, ಕರಾವಳಿಯವರು ಬಂದ ಎನ್ನುವ ಪದಾರ್ಥವನ್ನು ಮರಾಠಿ ಗೃಹಿಣಿಯರು "ಇಡ್ಲೀಚೆ ಪೀಠ್" ಎಂದು ಕೇಳಿ ಕೊಳ್ಳುತ್ತಾರೆ. ಪೊಟ್ಟಣದ ಮೇಲೆ ಮಾತ್ರ ಎಲ್ಲರಿಗೂ "ಬ್ಯಾಟರ್" ಎಂದೇ ಇರುತ್ತದೆ. ಒಳ್ಳೆಯ ದೇಶೀ ಶಬ್ದಗಳು ಪೊಟ್ಟಣ ಹತ್ತದೆ ಹೋದುವು. 2005ರಲ್ಲಿ ಬೆಂಗಳೂರಿನ ಪುಟ್ಟ ಕೋಣೆಯೊಂದರಲ್ಲಿ ಪಿ.ಸಿ. ಮುಸ್ತಫಾ ಮತ್ತು ಅವರ ಸೋದರಸಂಬಂಧಿಗಳು ಆರಂಭಿಸಿದ ಹಿಟ್ಟಿನ ವ್ಯಾಪಾರ ಐಡಿ ಫ್ರೆಶ್ ಎಂಬ ದೊಡ್ಡ ಕಂಪೆನಿಯಾಗಿ ಮುಂಬಯಿಗೂ ಬಂದಿದೆ. ಅದರ ಪಕ್ಕದಲ್ಲಿಯೇ, ಎರಡು ಗ್ರೈಂಡರು ಮತ್ತು ಒಂದು ಫ್ರಿಜ್ ಇಟ್ಟುಕೊಂಡು ನಸುಕಿನಲ್ಲಿ ರುಬ್ಬಿ ಹತ್ತಿರದ ಅಂಗಡಿಗಳಿಗೆ ಕೊಡುವ ಗೃಹೋದ್ಯಮಗಳೂ ಡೊಂಬಿವಲಿ, ಕಲ್ಯಾಣಗಳ ಗಲ್ಲಿಗಳಲ್ಲಿ ನಡೆದಿವೆ.

ಹಿಟ್ಟು ಜೀವಂತ ಪದಾರ್ಥ. ಅಕ್ಕಿ, ಉದ್ದುಗಳನ್ನು ನೆನೆಸಿ ರುಬ್ಬಿಟ್ಟಾಗ ಉದ್ದಿನೊಡನೆಯೇ ಬಂದ ಲ್ಯೂಕೊನಾಸ್ಟಾಕ್ ಮೊದಲಾದ ಬ್ಯಾಕ್ಟೀರಿಯಾಗಳು ಸುಮಾರು 30 ಡಿಗ್ರಿ ಶಾಖದಲ್ಲಿ ಎಂಟರಿಂದ ಹದಿನಾಲ್ಕು ಗಂಟೆಗಳೊಳಗೆ ಅದನ್ನು ಉಬ್ಬಿಸಿ ಹುಳಿ ಬರಿಸುತ್ತವೆ. ಈ ಹುಳಿಯೇ ಹಿಟ್ಟಿನ ರಕ್ಷಕ. ಆಮ್ಲ ಹೆಚ್ಚಿದಂತೆ ರೋಗಕಾರಕ ಜೀವಿಗಳಿಗೆ ಬೆಳೆಯಲು ಕಷ್ಟವಾಗುತ್ತದೆ. ಆದರೆ ಹುಳಿ ಬರಿಸುವ ಜೀವಿಗಳಿಗೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯದು. ಅವುಗಳನ್ನು ನಿಲ್ಲಿಸುವ ಉಪಾಯ 4-5 ಡಿಗ್ರಿಯ ಶೀತ; ಆ ಶೀತವೂ ಅವುಗಳನ್ನು ನಿಧಾನಗೊಳಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಇದರಿಂದ ಪೊಟ್ಟಣ ಕಟ್ಟುವವರಿಗೆ ವಿಚಿತ್ರ ಸಮಸ್ಯೆ ಒದಗುತ್ತದೆ. ಒಣ ಮಿಶ್ರಣದಲ್ಲಿ ಹೊರಗಿನದು ಒಳಗೆ ಬರಬಾರದು. ಹಿಟ್ಟಿನಲ್ಲಿ ಒಳಗಿನ ಅನಿಲ ಹೊರಗೆ ಹೋಗಲು ದಾರಿ ಬೇಕು, ಇಲ್ಲವಾದರೆ ಪೊಟ್ಟಣ ಬಲೂನಿನಂತೆ ಊದಿ ಅಂಚಿನಲ್ಲಿ ಬಿರಿಯುತ್ತದೆ. ಕೆಲವರು ಪೊಟ್ಟಣದ ಮೇಲ್ಭಾಗವನ್ನು ಖಾಲಿ ಬಿಡುತ್ತಾರೆ; ಕೆಲವರು ಅನಿಲ ಹೊರಹೋಗಲು ಮಾತ್ರ ತೆರೆಯುವ ಏಕಮುಖ ಕವಾಟವನ್ನು ಅಳವಡಿಸುತ್ತಾರೆ; ಕೆಲವರು ಹಿಟ್ಟು ಪೂರ್ತಿ ಹುಳಿಯಾಗುವುದಕ್ಕೆ ಮುಂಚೆಯೇ ತಣ್ಣಗೆ ಮಾಡಿ ತುಂಬಿ, ಉಳಿದ ಹುಳಿಯನ್ನು ಕೊಳ್ಳುವವರ ಮನೆಗೆ ಬಿಡುತ್ತಾರೆ. ಉಬ್ಬಿದ ಹಿಟ್ಟಿನಲ್ಲಿ ಗಾಳಿಯೂ ಸೇರಿರುವುದರಿಂದ ಕೊಳ್ಳುವವರು ಪೊಟ್ಟಣದ ಗಾತ್ರಕ್ಕೆ ಮರುಳಾಗದೆ ನಿವ್ವಳ ತೂಕವನ್ನು ನೋಡಬೇಕು.

ರುಬ್ಬುವ ಸ್ಥಳದಲ್ಲಿ ನೀರಿನ ಶುದ್ಧಿ ಎಲ್ಲಕ್ಕಿಂತ ಮುಖ್ಯ. ನೆನೆಸಲು, ತೊಳೆಯಲು, ರುಬ್ಬಲು ಬಳಸುವ ನೀರೆಲ್ಲ ಕುಡಿಯಲು ಯೋಗ್ಯವಾಗಿರಬೇಕು. ಮಳೆಗಾಲದಲ್ಲಿ ಟ್ಯಾಂಕಿನ ನೀರು ಕದಡಿದಾಗ ಈ ಎಚ್ಚರಿಕೆ ಇಮ್ಮಡಿಯಾಗಬೇಕು. ಗ್ರೈಂಡರಿನ ಕಲ್ಲಿನ ಸಂದಿಯಲ್ಲಿ ಉಳಿದ ನಿನ್ನೆಯ ಹಿಟ್ಟು ಇಂದಿನ ಹಿಟ್ಟನ್ನು ಬೇಗ ಹುಳಿಯಾಗಿಸುತ್ತದೆ. ಅದನ್ನೇ ಹೆಪ್ಪೆಂದು ಭಾವಿಸಿ ಬಿಡುವವರಿದ್ದಾರೆ. ಮನೆಯ ಒಂದು ಪಾತ್ರೆಯ ಮಟ್ಟಿಗೆ ಅದು ನಡೆಯಬಹುದು. ನೂರು ಪೊಟ್ಟಣಗಳ ತಯಾರಿಕೆಯಲ್ಲಿ ಅದರಿಂದ ಒಂದು ದಿನದ ಸರಕಿಗೂ ಮರುದಿನದ ಸರಕಿಗೂ ಸಾಮ್ಯವೇ ಉಳಿಯುವುದಿಲ್ಲ.

ಇಷ್ಟೆಲ್ಲ ಸರಿಯಿದ್ದರೂ ಶೀತದ ಸರಪಳಿ ಕಡಿಯುವ ಜಾಗ ಬೇರೆಯೇ. ವಿದ್ಯುತ್ ಬಿಲ್ಲು ಉಳಿಸಲು ರಾತ್ರಿ ಅಂಗಡಿ ಮುಚ್ಚುವಾಗ ಫ್ರಿಜ್ ಆರಿಸಿ ಹೋಗುವ ಅಭ್ಯಾಸ ಕೆಲವು ಅಂಗಡಿಕಾರರಲ್ಲಿದೆ. ಬೆಳಿಗ್ಗೆ ಪುನಃ ತಣ್ಣಗಾದ ಪೊಟ್ಟಣ ಮುಟ್ಟಿದರೆ ತಾಜಾ ಎನಿಸುತ್ತದೆ. ಒಳಗೆ ಏಳೆಂಟು ಗಂಟೆಗಳ ಹುದುಗು ನಡೆದುಹೋಗಿರುತ್ತದೆ. ಮರುದಿನ ಊದಿದ ಪೊಟ್ಟಣಗಳನ್ನು ಹಿಂತಿರುಗಿಸಿದಾಗ ನಷ್ಟ ಹೊರುವವಳು ರುಬ್ಬಿಕೊಟ್ಟ ಗೃಹಿಣಿ. ತನ್ನ ಹಿಟ್ಟು ಅಂಗಡಿಯಲ್ಲಿ ಹೇಗಿತ್ತೆಂದು ಸಾಬೀತುಪಡಿಸಲು ಅವಳ ಬಳಿ ಯಾವ ದಾಖಲೆಯೂ ಇರುವುದಿಲ್ಲ. ಅಂಗಡಿಯ ಫ್ರಿಜ್ಜಿನಲ್ಲಿ ಒಂದು ತಾಪಮಾಪಕ ಇರಿಸುವುದು, ಕೊಟ್ಟ ದಿನವನ್ನು ಪೊಟ್ಟಣದ ಮೇಲೆ ಮುದ್ರಿಸುವುದು, ಒಂದು ದಿನಕ್ಕೆ ಮಾರಾಟವಾಗುವಷ್ಟನ್ನೇ ಕೊಡುವುದು — ಇವು ಸಣ್ಣ ಉಪಾಯಗಳಾದರೂ ಇಂತಹ ಉದ್ಯಮ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಇವುಗಳ ಮೇಲೆಯೇ.

2005ರ ಜುಲೈ 26ರಂದು ಸಾಂತಾಕ್ರೂಸ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಉಲ್ಹಾಸ ನದಿಯ ನೆರೆ ಕಲ್ಯಾಣದ ತಗ್ಗು ಪ್ರದೇಶಗಳನ್ನು ನುಗ್ಗಿತು. ಅನೇಕ ಬಡಾವಣೆಗಳಲ್ಲಿ ವಿದ್ಯುತ್ ಇರಲಿಲ್ಲ. ಶೀತವನ್ನೇ ನಂಬಿದ ಆಹಾರ ಇಂತಹ ದಿನಗಳಲ್ಲಿ ಮೊದಲು ಕೈಕೊಡುತ್ತದೆ, ಒಣ ಆಹಾರ ಎತ್ತರದ ಕಪಾಟಿನಲ್ಲಿದ್ದರೆ ಉಳಿಯುತ್ತದೆ. ಮಳೆಗಾಲಕ್ಕೆ ಮುನ್ನ ಮನೆಯಲ್ಲಿ ಏನನ್ನು ಕೊಂಡಿಡಬೇಕೆಂದು ಯೋಚಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹೆಚ್ಚಿದ ತರಕಾರಿಯ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಕತ್ತಿ ತಾಗಿದೊಡನೆ ತರಕಾರಿಯ ಕೋಶಗಳು ಒಡೆದು ಕಿಣ್ವಗಳು ಗಾಳಿಯೊಡನೆ ಕೂಡಿ ಬದನೆ, ಆಲೂಗಡ್ಡೆಗಳು ಕಂದುತ್ತವೆ; ಸೋರಿದ ರಸ ಸೂಕ್ಷ್ಮಜೀವಿಗಳಿಗೆ ಔತಣವಾಗುತ್ತದೆ. ಹರಿತವಾದ ಕತ್ತಿ, ಕ್ಲೋರಿನ್ ಬೆರೆಸಿದ ನೀರಿನಲ್ಲಿ ತೊಳೆಯುವಿಕೆ, ಮೇಲ್ಮೈಯ ನೀರು ಹೋಗುವಂತೆ ಆರಿಸುವಿಕೆ, ಆಮೇಲೆ ಶೀತ — ಈ ಕ್ರಮದಲ್ಲಿ ಒಂದನ್ನು ಬಿಟ್ಟರೂ ಉಳಿದವು ನಿಷ್ಫಲ. ಕತ್ತರಿಸಿದ ಮೇಲೂ ತರಕಾರಿ ಉಸಿರಾಡುತ್ತಿರುವುದರಿಂದ ಅದರ ಪೊಟ್ಟಣ ಪೂರ್ತಿ ಬಿಗಿಯಾಗಿರಬಾರದು. ನಿಲ್ದಾಣದ ಹೊರಗೆ ಬಿಸಿಲಿನಲ್ಲಿ ಮಾರುವ ಹೆಚ್ಚಿದ ತರಕಾರಿಯನ್ನು ಅಂದೇ ಬೇಯಿಸುವುದು ಕ್ಷೇಮ. ಘನೀಕೃತ ಬಟಾಣಿ, ಪರೋಟಗಳಿಗೆ ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಶೀತ ಬೇಕು. ಚೀಲದಲ್ಲಿ ಬಟಾಣಿ ಬಿಡಿಬಿಡಿಯಾಗಿರದೆ ಗಡ್ಡೆ ಕಟ್ಟಿದ್ದರೆ ಅದು ಎಲ್ಲೋ ಒಮ್ಮೆ ಕರಗಿ ಪುನಃ ಹೆಪ್ಪುಗಟ್ಟಿದೆಯೆಂದು ತಿಳಿಯಬೇಕು.

ಹಿಂದೆ ಇಂತಹ ಆಹಾರಗಳು 1954ರ ಆಹಾರ ಕಲಬೆರಕೆ ತಡೆ ಕಾಯಿದೆಗೆ ಒಳಪಟ್ಟಿದ್ದುವು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಅದರ ಸ್ಥಾನದಲ್ಲಿ ಬಂದಿದೆ. ಅದರಂತೆ ಮನೆಯ ಕೋಣೆಯಲ್ಲಿ ಹಿಟ್ಟು ರುಬ್ಬಿ ಮಾರುವವರೂ ನೋಂದಾಯಿಸಿಕೊಳ್ಳಬೇಕು. ಪೊಟ್ಟಣದ ಮೇಲೆ 14 ಅಂಕಿಗಳ ಸಂಖ್ಯೆ ಇರಬೇಕು. 2020ರ ಲೇಬಲ್ ನಿಯಮಗಳ ಪ್ರಕಾರ ಬಳಕೆಯ ಕೊನೆಯ ದಿನಾಂಕವನ್ನು ನಮೂದಿಸುವುದು ಕಡ್ಡಾಯ. ಈ ದಿನಾಂಕ ಒಂದು ಷರತ್ತಿಗೆ ಒಳಪಟ್ಟದ್ದೆಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. "5 ಡಿಗ್ರಿಗಿಂತ ಕಡಿಮೆ ಶಾಖದಲ್ಲಿಡಿ" ಎಂದು ಬರೆದಿರುವ ಹಿಟ್ಟು ಒಂದು ರಾತ್ರಿ ಹೊರಗಿದ್ದರೆ, ದಿನಾಂಕ ಇನ್ನೂ ಮೂರು ದಿನ ಮುಂದಿದ್ದರೂ ಅದಕ್ಕೆ ಅರ್ಥವಿಲ್ಲ. ಹಾಗೆಯೇ ಒಣ ಮಿಶ್ರಣದ ದಿನಾಂಕ ತೆರೆಯದ ಪೊಟ್ಟಣಕ್ಕೆ ಮಾತ್ರ ಅನ್ವಯ. ತೆರೆದ ಬಳಿಕ ಬಿಗಿ ಮುಚ್ಚಳದ ಡಬ್ಬಕ್ಕೆ ಸುರಿದು, ಒಣ ಚಮಚವನ್ನೇ ಬಳಸುವುದು ಅವಶ್ಯ. ಕುದಿಯುವ ಪಾತ್ರೆಯ ಮೇಲೆ ಪೊಟ್ಟಣ ಹಿಡಿದು ಸುರಿದರೆ ಹಬೆಯೇ ಅದಕ್ಕೆ ಮಳೆಗಾಲವಾಗುತ್ತದೆ.

ಸಣ್ಣ ಘಟಕಗಳ ಸುಧಾರಣೆಗೆಂದು ಕೇಂದ್ರ ಸರಕಾರವು 2020ರ ಜೂನ್‌ನಲ್ಲಿ ಕಿರು ಆಹಾರ ಸಂಸ್ಕರಣ ಉದ್ಯಮಗಳನ್ನು ವಿಧಿಬದ್ಧಗೊಳಿಸುವ ಪ್ರಧಾನಮಂತ್ರಿ ಯೋಜನೆಯನ್ನು ಆರಂಭಿಸಿತು. ಅರ್ಹ ಯೋಜನಾ ವೆಚ್ಚದ ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಗಳವರೆಗೆ, ಸಾಲಕ್ಕೆ ಜೋಡಿಸಿದ ಸಹಾಯಧನವನ್ನೂ, ಸ್ವಸಹಾಯ ಸಂಘಗಳ ಸದಸ್ಯರಿಗೆ ತಲಾ 40,000 ರೂಪಾಯಿ ಬೀಜಧನವನ್ನೂ ಅದರಲ್ಲಿ ಗೊತ್ತುಪಡಿಸಲಾಯಿತು. ಇಂತಹ ನೆರವಿನಿಂದ ದೊಡ್ಡ ಗ್ರೈಂಡರು ಕೊಳ್ಳುವ ಆಸೆ ಸಹಜ. ಈವರೆಗೆ ಹೇಳಿದ ಕಾರಣಗಳಿಂದ, ಹಿಟ್ಟಿನ ವ್ಯಾಪಾರದಲ್ಲಿ ಮೊದಲು ಕೊಳ್ಳಬೇಕಾದುದು ತಣಿಸುವ ಯಂತ್ರ, ಗ್ರೈಂಡರು ಆಮೇಲೆ.

ಪೊಟ್ಟಣದ ಕೊನೆಯ ಗತಿಯನ್ನೂ ಮರೆಯುವಂತಿಲ್ಲ. ಬಹುಪದರದ ಹಾಳೆಯ ಗುಣವೇ ಅದರ ದೋಷ: ಅಂಟಿಸಿದ ಪದರಗಳನ್ನು ಬಿಡಿಸಲಾಗದು, ಬಿಡಿಸದೆ ಪುನರ್ಬಳಕೆ ಕಷ್ಟ. ಕಲ್ಯಾಣದ ಆಧಾರವಾಡಿಯ ಕಸದ ಗುಡ್ಡಕ್ಕೆ ಮತ್ತೆ ಮತ್ತೆ ಬೆಂಕಿ ಬಿದ್ದ ವರ್ಷಗಳಲ್ಲಿ ಅದರ ಹೊಗೆಯನ್ನು ಸುತ್ತಲಿನ ಮನೆಗಳು ಉಸಿರಾಡಿವೆ. ಒಂದೇ ಜಾತಿಯ ಪ್ಲಾಸ್ಟಿಕ್ಕಿನಿಂದ ಅದೇ ರಕ್ಷಣೆ ಪಡೆಯುವ ಹಾಳೆಗಳು ಬಂದಿವೆ. ಅವು ಸಣ್ಣ ಉದ್ಯಮಿಗಳ ಕೈಗೆಟುಕುವವರೆಗೆ, ವಾರದ ಬಳಕೆಯ ಹಿಟ್ಟನ್ನು ಗ್ರಾಹಕರ ಸ್ಟೀಲ್ ಡಬ್ಬಕ್ಕೇ ಅಳೆದು ಕೊಡುವ ಗಲ್ಲಿಯ ಪದ್ಧತಿಯನ್ನು ಹಳತೆಂದು ತಳ್ಳಿಹಾಕಬೇಕಾಗಿಲ್ಲ.

ಊದಿದ, ಬಣ್ಣ ಬದಲಾದ, ಅಸಹಜ ವಾಸನೆಯ ಪೊಟ್ಟಣ ಕೈಗೆ ಬಂದರೆ ಅದನ್ನು ಬೇಯಿಸಿ ಸರಿಪಡಿಸಬಹುದೆಂದು ತಿಳಿಯಬಾರದು. ಕೆಲವು ಬ್ಯಾಕ್ಟೀರಿಯಾಗಳು ಬಿಟ್ಟ ವಿಷ ಕುದಿಸಿದರೂ ಅಳಿಯದು. ಪೊಟ್ಟಣವನ್ನು ಎಸೆಯುವ ಮುನ್ನ ಅದರ ಮೇಲಿನ ಬ್ಯಾಚ್ ಸಂಖ್ಯೆ, 14 ಅಂಕಿಗಳ ನೋಂದಣಿ ಸಂಖ್ಯೆ ಮತ್ತು ಕೊಂಡ ಅಂಗಡಿಯ ಹೆಸರನ್ನು ಬರೆದಿಟ್ಟುಕೊಂಡು ರಾಜ್ಯದ ಆಹಾರ ಮತ್ತು ಔಷಧ ಆಡಳಿತದ ಜಿಲ್ಲಾ ಕಚೇರಿಗೆ ತಿಳಿಸಬೇಕು. ಬ್ಯಾಚ್ ಸಂಖ್ಯೆ ಕೈಯಲ್ಲಿದ್ದರೆ, ಅದೇ ನಸುಕಿನಲ್ಲಿ ಅದೇ ಗ್ರೈಂಡರಿನಲ್ಲಿ ರುಬ್ಬಿದ ಉಳಿದ ಪೊಟ್ಟಣಗಳು ಯಾವ ಯಾವ ಅಂಗಡಿಗಳಲ್ಲಿವೆಯೆಂದು ಹುಡುಕಿ, ಸಂಜೆಯ ಲೋಕಲ್ ಇಳಿದವರು ಕೊಳ್ಳುವುದರೊಳಗೆ ಹಿಂದಕ್ಕೆ ತರಿಸಲು ಸಾಧ್ಯವಾಗುತ್ತದೆ.